ಎರಡು ಬೆರಳು ಬಟ್ಟೆ

ಕೊಲೊಬಾನ್ ಸಂತೆಯ ಹಿಂದಿನ ಓಣಿಯಲ್ಲಿ
ಎದುರುಬದುರು ನಮ್ಮಿಬ್ಬರ ಹೊಲಿಗೆ ಅಂಗಡಿ:
ಈಚೆ ನನ್ನದು, ಆಚೆ ಬಿರಾಮ್ ಚೂನನದು.
ನನ್ನ ಬೋರ್ಡಿಗೆ ಮೂರು ಬಣ್ಣದ ದೀಪ.
ಅವನ ಬೋರ್ಡಿನಲ್ಲಿ ಒಂದಕ್ಷರ ಉದುರಿ
ಹೆಸರು ಓದಿದವರು ನಗುತ್ತಿದ್ದರು.
ಅವನೂ ನಗುತ್ತಿದ್ದ. ಬರೆಸಲಿಲ್ಲ.

ತಬಸ್ಕಿ ಹಬ್ಬಕ್ಕೆ ತಿಂಗಳಿದೆ ಎನ್ನುವಾಗ
ಇಡೀ ಡಾಕಾರ್ ಬಟ್ಟೆಗಂಟು ಹೊತ್ತು ಬರುತ್ತದೆ.
ಕುರಿಗೂ ದರ್ಜಿಗೂ ಆಗ ಒಂದೇ ಗತಿ,
ಇಬ್ಬರ ಕುತ್ತಿಗೆಯ ಮೇಲೂ ಊರ ಕಣ್ಣು.

ನಾನು ಯಾರಿಗೂ ಇಲ್ಲ ಎಂದವನಲ್ಲ.
ನಾಳೆ ಬನ್ನಿ, ನಾಡಿದ್ದು ಬನ್ನಿ,
ಗುಂಡಿಯೊಂದೇ ಬಾಕಿ ತಾಯೀ, ಎನ್ನುವಾಗ
ಕೊಡತಿಯಲ್ಲಿ ಬಡಿದು ಮಿರುಗಿಸಿದ ಅವರ ಬಾಜೆನ್
ಮಡಿಕೆ ಬಿಚ್ಚದೆ ನನ್ನ ಕಾಲ ಕೆಳಗೇ ಇರುತ್ತಿತ್ತು.

ಬಿರಾಮ್ ಬಾಗಿಲಿಗೊಂದು ಸ್ಲೇಟು ತೂಗಿಹಾಕಿದ್ದ.
ಬಂದ ಬಟ್ಟೆಗೊಂದು ಗೀಟು.
ಅರವತ್ತು ಗೀಟಾದರೆ ಸೀಮೆಸುಣ್ಣ ಜೇಬಿಗೆ.

ಆ ವರ್ಷ ಅರವತ್ತೊಂದನೆಯವಳು ಯಾದಿಕೋನ್,
ಮೀನು ಒಣಗಿಸುವ ಹೆಂಗಸರ ಸಂಘದ ಯಜಮಾನಿ,
ದನಿ ಎತ್ತಿದರೆ ಕಡಲಹಕ್ಕಿ ಏಳಬೇಕು.
'ಎರಡರಷ್ಟು ಕೊಡುತ್ತೇನೆ, ತಗೋ.'
'ದುಡ್ಡು ಎರಡರಷ್ಟಾದರೆ
ನನಗೆ ನಾಲ್ಕು ಕೈ ಬರುತ್ತದೆಯೇ ಅಕ್ಕಾ?'

ಅವನ ಹೊಸ್ತಿಲಿಗೆ ಉಗಿದು, ರಸ್ತೆ ದಾಟಿ ಬಂದಳು.
ಕುರ್ಚಿ ಒರೆಸಿದೆ. ತಣ್ಣನೆಯ ಬಿಸಾಪ್ ಶರಬತ್ತು ತರಿಸಿದೆ.
ರಿಯಾಯಿತಿಯ ಚೀಟಿ ಬರೆದುಕೊಟ್ಟೆ.
ಎದುರಂಗಡಿಯತ್ತ ಒಮ್ಮೆ ನೋಡಿ, ಗೆದ್ದೆ ಎಂದುಕೊಂಡೆ.

ಹಬ್ಬದ ಬೆಳಿಗ್ಗೆ ಅವಳು ಬಂದಾಗ
ನಿಲುವಂಗಿಗೆ ಒಂದೇ ತೋಳಿತ್ತು.

ಆಮೇಲಿನದು ನನ್ನ ಬಾಯಲ್ಲಿ ಬೇಡ. ಓಣಿಗೆ ಗೊತ್ತು.

ಮರುವರ್ಷ ಹಬ್ಬಕ್ಕೆ ಐವತ್ತು ದಿನ ಮೊದಲೇ
ನನ್ನ ಮೂರು ಬಣ್ಣದ ದೀಪದ ಕೆಳಗೆ
ತಲೆ ತಿರುಗಿಸದೆ ನಡೆದುಹೋದಳು ಯಾದಿಕೋನ್.
ಹಿಂದೆ ಹನ್ನೊಂದು ಹೆಂಗಸರು, ಹನ್ನೊಂದು ಗಂಟು,
ಒಣಮೀನಿನ ವಾಸನೆಯ ಒಂದು ಮೆರವಣಿಗೆ.
ಸ್ಲೇಟಿನ ಮೇಲೆ ಸೀಮೆಸುಣ್ಣ ಕಿರುಗುಟ್ಟಿದ್ದು
ನನ್ನ ಮಿಷನ್ನಿನ ಸದ್ದಿನಲ್ಲೂ ಕೇಳಿತು.
ಕೇಳದೆ ಏನು, ಮಿಷನ್ನು ನಿಂತಿತ್ತಲ್ಲ.

ಬಿರಾಮನ ಚಿಕ್ಕಮ್ಮ ತೀರಿ ಅವನು ಊರಿಗೆ ಹೋದ ವಾರ
ಅವನ ಗಿರಾಕಿಯೊಬ್ಬಳು ತಡೆಯಲಾರದೆ ನನ್ನಲ್ಲಿಗೆ ಬಂದಳು.
ಬಸುರಿ. ಅಂಗಿ ಸಡಿಲಿಸಬೇಕಿತ್ತು.
ಪಕ್ಕದ ಹೊಲಿಗೆ ಬಿಚ್ಚಿದೆ.

ಒಳಗೆ ಎರಡು ಬೆರಳು ಬಟ್ಟೆ.
ಎರಡೂ ಮಗ್ಗುಲಲ್ಲಿ, ನವಿರಾಗಿ ಮಡಿಸಿ,
ನೂಲು ಹಿಂಜದ ಹಾಗೆ ಅಂಚು ಕಟ್ಟಿ,
ಯಾರೂ ನೋಡದ ಕಡೆ.
ಕಂಕುಳ ಹತ್ತಿರ ಪೆನ್ಸಿಲ್ಲಿನಲ್ಲಿ ಸಣ್ಣಗೆ:
'ಎಡ ಹೆಗಲು ತುಸು ಇಳಿಜಾರು. ಬುಟ್ಟಿ ಹೊರುತ್ತಾಳೆ.'

ಅಷ್ಟು ವರ್ಷ ಆ ಎರಡು ಬೆರಳನ್ನು
ಎಲ್ಲರ ಬಟ್ಟೆಯಿಂದಲೂ ಕತ್ತರಿಸಿ ಉಳಿಸಿ
ಮಕ್ಕಳ ಟೋಪಿ ಹೊಲಿದು ಮಾರುತ್ತಿದ್ದೆ ನಾನು.
ಜಾಣತನ ಎಂದು ಹೆಂಡತಿಗೂ ಹೇಳಿದ್ದೆ.

ಅವಳ ಹೊಲಿಗೆ ಬಿಡಿಸಿಕೊಟ್ಟೆ, ಕಾಸು ಕೇಳಲಿಲ್ಲ.
ಇನ್ನೂ ಒಂದು ಬೆರಳು ಉಳಿಯಿತು ಒಳಗೆ.
ಪೆನ್ಸಿಲ್ ಅಕ್ಷರ ಅಳಿಸದಂತೆ ಇಸ್ತ್ರಿ ಹಾಕಿದೆ.

ಈಗ ನನ್ನ ಬಾಗಿಲಿಗೂ ಸ್ಲೇಟಿದೆ.
ಮೂವತ್ತೈದಕ್ಕೆ ನಿಲ್ಲುತ್ತದೆ, ನನ್ನ ಕೈ ಅಷ್ಟೇ.
'ಇಲ್ಲ' ಎನ್ನುವುದನ್ನು ಕಲಿಯುವ ಹೊತ್ತಿಗೆ
ಮೂರು ದೀಪದಲ್ಲಿ ಎರಡು ಸುಟ್ಟುಹೋಗಿದ್ದವು.

ನಿನ್ನೆ ಬಿರಾಮನ ಬಾಗಿಲಲ್ಲಿ ಯಾರೋ ವಾದಿಸುತ್ತಿದ್ದರು.
ಅವನು ಸೀಮೆಸುಣ್ಣ ಹಿಡಿದ ಕೈಯನ್ನೇ ಚಾಚಿ
ರಸ್ತೆಯಾಚೆ ತೋರಿಸಿದ.

ಅಪರಿಚಿತೆ. ಕೈಯಲ್ಲಿ ನೀಲಿ ಬಟ್ಟೆ. ಅನುಮಾನದ ಮುಖ.
'ಹಬ್ಬಕ್ಕೆ ಸಿಗುತ್ತದೆಯೋ?'
ಗೀಟುಗಳನ್ನು ಎಣಿಸಿದೆ. ಮತ್ತೊಮ್ಮೆ ಎಣಿಸಿದೆ.
'ಹದಿಮೂರನೇ ತಾರೀಕು. ಮಧ್ಯಾಹ್ನದ ಮೇಲೆ.
ಎಲ್ಲಿ, ನೆಟ್ಟಗೆ ನಿಲ್ಲಿ.
ಯಾವ ಹೆಗಲಿಗೆ ಚೀಲ ಹಾಕುತ್ತೀರಿ ನೀವು?'