ಎಡ ಭುಜ, ಅರ್ಧ ಇಂಚು

ಲಗ್ಗೆರೆಯ ಎರಡನೇ ಮಹಡಿ, ಶೀಟಿನ ಮನೆ.
ಭಾನುವಾರ ಮಧ್ಯಾಹ್ನ ನನ್ನ ಅತ್ತೆ
ಹಳೇ ನೈಟಿಯ ಮೇಲೆ ಪ್ಲಾಸ್ಟಿಕ್ಕು ಸುತ್ತಿಸಿಕೊಂಡು
ಕೈ ಚಾಚಿ ನಿಂತಿದ್ದಾಳೆ, ಬೆರ್ಚಪ್ಪನ ಹಾಗೆ.
ಅದರ ಮೇಲೆ ನಾನು ಕಂದು ಟೇಪು ಸುತ್ತುತ್ತೇನೆ
ಕತ್ತಿನಿಂದ ಸೊಂಟದವರೆಗೆ, ಬಿಗಿಯಾಗಿ.
'ಲೇ, ಉಸಿರಾಡೋಕಾದ್ರೂ ಜಾಗ ಬಿಡೇ,
ನಿನ್ನ ಪರೀಕ್ಷೆ ದಿನವೇ ನನ್ನ ತಿಥಿ ಆದೀತು.'

ಮುನ್ನೂರು ವರ್ಷ ಮುಂದಿನ ಸಿಪಾಯಿಗೆ
ಒಂದು ಮೈ ಬೇಕಿತ್ತು.
ಸೆಲ್ವಿನ್ ಆರಡಿ ಎರಡಿಂಚು, ರಬ್ಬರ್ ಶೀಟು ಸಾಲದು.
ಮುಬೀನಾಳಿಗೆ ಕಚಗುಳಿ.
ನನ್ನ ಬೆನ್ನಿಗೆ ನನ್ನ ಕೈ ಎಟುಕದು.
ಬಿಡುವಾಗಿದ್ದದ್ದು ಅತ್ತೆಯ ಮೈ ಒಂದೇ,
ಅದೂ ವಾರಕ್ಕೊಂದು ದಿನ.

ಬೆನ್ನಿನುದ್ದ ಕತ್ತರಿ ಆಡಿಸಿದೆ.
ಸಿಪ್ಪೆಯೊಡೆದ ಕಡಲೆಬೀಜದಂತೆ ಹೊರಬಂದಳು
ಬೆವೆತು, ಕಾಫಿ ಕೇಳುತ್ತ.
ಸಿಪ್ಪೆಯನ್ನು ನೆಲದ ಮೇಲೆ ಹರಡಿ ಅಳೆದೆ:
ಎಡ ಭುಜ ಬಲಕ್ಕಿಂತ ಅರ್ಧ ಇಂಚು ಕೆಳಗೆ.
ನನ್ನದೇ ತಪ್ಪಿರಬೇಕೆಂದು ಮತ್ತೆ ಅಳೆದೆ.
ಅರ್ಧ ಇಂಚು.

'ಹತ್ತೊಂಬತ್ತು ವರ್ಷ ಓವರ್‌ಲಾಕ್ ಮೆಷಿನ್ನು,'
ಪಿನ್‌ಕೋಡು ಹೇಳುವಷ್ಟು ಸಲೀಸಾಗಿ ಅಂದಳು.
'ಪೀಸು ಎಡಗಡೆ ಬೀಳುತ್ತೆ,
ಭುಜಾನೂ ಅದರ ಹಿಂದೇನೇ ಹೋಗುತ್ತೆ.'

ಆಮೇಲೆ ಎರಡು ತಿಂಗಳು
ಹವಾಯಿ ಚಪ್ಪಲಿಯಾಗಬೇಕಿದ್ದ ರಬ್ಬರು
ಹೀಟ್ ಗನ್ನಿನ ಬಿಸಿಗೆ ಎದೆಯಾಗಿ ಉಬ್ಬಿತು.
ಅಂಟಿನ ವಾಸನೆಗೆ ಕೆಳಗಿನ ಮನೆಯ ಓನರಮ್ಮ
ಮೂರು ಸಲ ಮೆಟ್ಟಿಲು ಹತ್ತಿ ಬಂದು ಬೈದರು,
ನಾಲ್ಕನೇ ಸಲ ಮೊಮ್ಮಗನನ್ನು ತೋರಿಸಲು ಕರೆತಂದರು.
ಕರೆಂಟು ಹೋದಾಗ ನಾವು
ಬಿಸಿ ಆರುತ್ತಿರುವ ಮೊಣಕೈಯನ್ನು ಹಿಡಿದುಕೊಂಡೇ ಕೂತೆವು,
ಬಿಟ್ಟರೆ ಅದು ಮತ್ತೆ ಚಪ್ಪಲಿಯಾಗಿಬಿಡುತ್ತದೆ.

ಅತ್ತೆ ರಾತ್ರಿ ಬಂದು ಕಂಕುಳಿಗೆ ಬೆರಳು ಹಾಕಿ ನೋಡಿದಳು.
'ಇಲ್ಲಿ ಸಡಿಲ ಬಿಡದೆ ಯಾವ ಯುದ್ಧ ಮಾಡ್ತಾನೆ?
ತಲೆ ಕೆರ್ಕೊಳ್ಳೋಕೂ ಕೈ ಎತ್ತೋಕಾಗಲ್ಲ.'
ತಾನೇ ಚಾಕು ತಗೊಂಡು ಅರ್ಧಚಂದ್ರ ಕೊಯ್ದಳು,
ಗೆರೆ ಹಾಕದೆ.

ಜೆ.ಸಿ. ರೋಡಿನ ಕಾರು ಪೇಂಟು ಬಳಿದ ಮೇಲೆ
ಸ್ಟೀಲು ಅಂದರೆ ಸ್ಟೀಲು.
ಅದಕ್ಕೆ ಉಪ್ಪುಕಾಗದ ಹಿಡಿದು ಗೀರತೊಡಗಿದಾಗ
ಅವಳಿಗೆ ತಡೆಯಲಾಗಲಿಲ್ಲ:
'ಅಯ್ಯೋ, ಹೊಸಾದು ಕಣೇ!
ನಮ್ಮಲ್ಲಿ ಇಷ್ಟು ಗೀರು ಕಂಡರೆ ರಿಜೆಕ್ಟು.'
ಯುದ್ಧ ಕಂಡ ಮೈ ಅತ್ತೆ ಇದು, ಅಂದೆ.
ಸುಮ್ಮನಾದಳು. ಸ್ವಲ್ಪ ಹೊತ್ತಾದ ಮೇಲೆ
ಬಲ ಮುಂಗೈ ತೋರಿಸಿ, 'ಇಲ್ಲಿ ಜಾಸ್ತಿ ಸವೀಬೇಕು,' ಅಂದಳು,
'ಟೇಬಲ್ ಅಂಚಿಗೆ ಉಜ್ಜೋ ಜಾಗ.'

ಜ್ಯೂರಿಯ ದಿನ ಅದರೊಳಗೆ ನಾನು.
ಎಡ ಭುಜವನ್ನು ಕವಚ ಕೆಳಕ್ಕೆ ಒತ್ತುತ್ತಿತ್ತು,
ಒಂದು ಗಂಟೆ ಹಾಗೇ ನಿಂತೆ,
ಇನ್ನೊಬ್ಬರ ಇಳಿಜಾರಿನಲ್ಲಿ.
ಕನ್ನಡಕದ ಮೇಷ್ಟ್ರು ಸುತ್ತು ಹಾಕಿ ಕೇಳಿದರು:
'ಸ್ಕೆಚ್ಚಿನಲ್ಲಿ ಸಮ ಇದೆ, ಇದ್ಯಾಕೆ ವಾಲಿದೆ?'
ಹೆಲ್ಮೆಟ್ಟಿನೊಳಗೆ ನನ್ನ ದನಿ ನನಗೇ ಬೇರೆ ಕೇಳಿಸಿತು:
ಸರ್, ಆ ಗ್ರಹದಲ್ಲಿ ಗುರುತ್ವ
ಎಡಕ್ಕೆ ಸ್ವಲ್ಪ ಜಾಸ್ತಿ.
ಅವರು ತಲೆಯಾಡಿಸಿ ಬರೆದುಕೊಂಡರು.

ಈಗ ಅದು ಬಾಗಿಲ ಹಿಂದಿನ ಮೊಳೆಯಲ್ಲಿ
ರೇಷನ್ ಚೀಲದ ಪಕ್ಕ.
ನಿನ್ನೆ ಓಟಿ ಮುಗಿಸಿ ಒಂಬತ್ತೂವರೆಗೆ ಬಂದವಳು
ಚಪ್ಪಲಿ ಬಿಟ್ಟು, ಏನನ್ನಿಸಿತೋ, ಇಳಿಸಿ ತೊಟ್ಟಳು.
ಎಲ್ಲೂ ಒತ್ತಲಿಲ್ಲ.
ಸ್ವಿಚ್ಚು ಹಾಕಿದೆ, ಎದೆಯಲ್ಲಿ ನೀಲಿ ದೀಪ ಹತ್ತಿತು.
ಸಾರು ಬಿಸಿಗಿಡಲು ಒಲೆಯ ಮುಂದೆ ನಿಂತು
ಬೆನ್ನು ತಿರುಗಿಸಿಯೇ ಕೇಳಿದಳು:
'ಮುನ್ನೂರು ವರ್ಷ ಆದ್ಮೇಲೆ
ಈ ಸಿಪಾಯಿಗೆ ಕೊಡೋದು ತಿಂಗಳ ಸಂಬಳಾನಾ,
ಪೀಸ್ ರೇಟಾ?'

ಅದನ್ನು ನಾವು ಮೂವರೂ
ಯೋಚಿಸಿರಲಿಲ್ಲ.