ಎಡಮಗ್ಗುಲು

ಈ ಜಿಲ್ಲೆಯಲ್ಲಿ ರೈಲು ಹಳಿ ಇರುವುದು ಒಂದೇ ಕಡೆ:
ವಿರಾಜಪೇಟೆ, ಗಡಿಯಾರ ಕಂಬದ ಹಿಂದಿನ ಓಣಿ,
ಬೇಕರಿಯ ಮಹಡಿ ಮೇಲೆ, ನನ್ನ ಮೇಜಿನ ಅಂಚಿಗೆ
ಮೂರಡಿ ಎಂಟಿಂಚು.
ಒಂದು ತುದಿಗೆ ಪ್ಲಾಸ್ಟರ್ ಡಬ್ಬಿ, ಇನ್ನೊಂದಕ್ಕೆ
ಯಾರದೋ ಕೆಳದವಡೆ.

ಹಗಲು ಹಲ್ಲು ಕಟ್ಟುವ ಕಸುಬು.
ರಾತ್ರಿ, ಮಾಕುಟ್ಟದ ಕಡೆಯ ಲಾರಿಗಳು
ಗೇರು ಬದಲಿಸಿ ದೂರವಾದ ಮೇಲೆ
ಪೆಟ್ಟಿಗೆ ತೆರೆಯುತ್ತೇನೆ.
ನಾನು ಮೊದಲು ರೈಲು ಕಂಡದ್ದು ಹತ್ತೊಂಬತ್ತಕ್ಕೆ, ತಲಶ್ಶೇರಿಯಲ್ಲಿ.
ಅಷ್ಟರಲ್ಲಿ ಉಗಿ ಮುಗಿದಿತ್ತು.

ಅಂಗಡಿಯಿಂದ ಬಂದದ್ದು ಸಿದ್ಧ ಎಂಜಿನ್,
ಒಂದು ಗೇಣು ಉದ್ದ, ಕೊನೆಗಾಲದ ಮಾದರಿ:
ನೆತ್ತಿಗೆ ವಿದ್ಯುದ್ದೀಪ, ಅದಕ್ಕೊಂದು ಪುಟ್ಟ ಡೈನಮೊ,
ಮುಂದಕ್ಕೆ ಚಾಚಿದ ಹೊಗೆಪೆಟ್ಟಿಗೆ, ಮೊಂಡು ಚಿಮಣಿ,
ಡ್ರೈವರನಿಗೆ ಬಿಸಿಲು ತಾಗದ ದೊಡ್ಡ ಕೋಣೆ.
ನನಗೆ ಬೇಕಾದದ್ದು ಇದರ ಅಕ್ಕ,
ಮೂವತ್ತು ವರ್ಷ ಮೊದಲು ಹುಟ್ಟಿದವಳು.

ಹಳೆಯದು ಮಾಡುವುದೆಂದರೆ
ತುಕ್ಕು ಬಳಿಯುವುದಲ್ಲ, ಕುಂಟಿಸುವುದಲ್ಲ.
ಆಮೇಲೆ ಬಂದದ್ದನ್ನೆಲ್ಲ ಒಂದೊಂದಾಗಿ ಇಳಿಸುವುದು;
ಹಳೆಯದಾಗುತ್ತ ಆಗುತ್ತ
ಅದು ಎಳೆಯದಾಗುತ್ತದೆ.

ದೀಪ ಕಿತ್ತೆ. ಡೈನಮೊ ಕಿತ್ತೆ.
ಹೊಗೆಪೆಟ್ಟಿಗೆಯ ಮೂಗನ್ನು ನಾಲ್ಕು ಮಿಲಿಮೀಟರ್ ಕೊಯ್ದೆ,
ದವಡೆಹಲ್ಲು ತೇಯುವ ಬುರ್ರಿನಲ್ಲಿ;
ಹಿತ್ತಾಳೆಗೆ ಹಲ್ಲಿನ ಸೊಕ್ಕಿಲ್ಲ, ಬೇಗ ಸೋಲುತ್ತದೆ.
ಸಿಲಿಂಡರಿನ ಗುಂಡು ಬೆನ್ನು ತೆಗೆದು ಚಪ್ಪಟೆ ಮುಚ್ಚಳ ಕೂರಿಸಿದೆ.
ಹಲ್ಲಿಗೆ ಕಟ್ಟುವ ತಂತಿಯೇ ಬ್ರೇಕಿನ ಕೊಳವೆ.
ಚಿಮಣಿ ಎತ್ತರವಾಯಿತು, ಶಾಲೆಗೆ ಹೊರಟ ಹುಡುಗಿಯ ಕುತ್ತಿಗೆಯ ಹಾಗೆ.
ಡ್ರೈವರನ ತಲೆ ಮೇಲೆ ಉಳಿದದ್ದು
ಉಗುರಿನಷ್ಟು ತಗಡು.
ತೂತುಗಳಿಗೆ ಅಕ್ರಿಲಿಕ್ ತುಂಬಿದೆ. ನನ್ನಲ್ಲಿದ್ದದ್ದು ಒಂದೇ ಬಣ್ಣ:
ಒಂದು ವಾರ ಆ ಎಂಜಿನ್
ಒಸಡು ಬಿಟ್ಟುಕೊಂಡು ನನ್ನತ್ತ ನಕ್ಕಿತು.

ತೊಡಕು ಬೇರೆ. ಅಕ್ಕನದು ನನ್ನ ಬಳಿ ಒಂದೇ ಫೋಟೋ,
ಎಡಮಗ್ಗುಲು. ಬಲಕ್ಕೆ ಏನಿತ್ತೋ,
ಪಂಪೋ, ಮೆಟ್ಟಿಲೋ, ಬರೀ ಮೊಳೆಗಳ ಸಾಲೋ.
ಬಲಗಡೆ ನಿಂತವರ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ.

ಎಡದವಡೆ ನೋಡಿ ಬಲ ಕಟ್ಟಬಹುದು, ಕಸುಬಿಗೆ ಗೊತ್ತು.
ಯಾವ ಬಾಯಿಯೂ ಎರಡು ಕಡೆ ಸಮ ಅಗಿಯುವುದಿಲ್ಲ,
ಅದೂ ಗೊತ್ತು.
ಬಲಕ್ಕೊಂದು ಪಂಪು ಇಟ್ಟೆ. ಎರಡು ದಿನ ನೋಡಿ ತೆಗೆದೆ.
ಮತ್ತೆ ಇಟ್ಟೆ, ಒಂಚೂರು ಹಿಂದಕ್ಕೆ.

ಚೋಂದಮ್ಮ ಬಂದಾಗ ಬಣ್ಣ ಒಣಗಿರಲಿಲ್ಲ.
ಕದನೂರಿನಿಂದ ಬಸ್ಸು ಹಿಡಿದು ಇದು ಮೂರನೆಯ ಸಲ.
"ಈ ಗಾಡಿಗೆ ಹಲ್ಲು ಕಟ್ಟಿ ಆಯ್ತಾ ಲಾಜರಸ್?
ನಂದು ಯಾವಾಗ?"
ಕೊಟ್ಟೆ. ಹಾಕಿಕೊಂಡು ಕನ್ನಡಿ ನೋಡಿದರು,
ಆಚೆ ತಿರುಗಿ, ಈಚೆ ತಿರುಗಿ.
"ಚೆನ್ನಾಗುಂಟು. ಬ್ಯಾಂಕ್ ಮ್ಯಾನೇಜರನ ಹೆಂಡತಿ ಹಾಗೆ.
ನಾನೆಲ್ಲಿ?"

ಪೆಟ್ಟಿಗೆಯಲ್ಲಿ ಬರುವ ಹಲ್ಲುಗಳಿಗೂ ಅದೇ ರೋಗ.
ಎಲ್ಲ ಹೊಸತು, ಎಲ್ಲ ಸಾಲು.

ಚೀಲದ ಒಳಜೇಬಿನಿಂದ ತೆಗೆದರು ಒಂದು ಚಿತ್ರ:
ಹಾಕಿ ಕೋಲು ಹಿಡಿದ ಹನ್ನೊಂದು ಹುಡುಗಿಯರು,
ಕೆಳಗೆ ಕೂತ ಗೋಲ್‌ಕೀಪರಿನ ಬಾಯಿ ತುಂಬ ನಗು,
ಮುಂದಿನೆರಡು ಹಲ್ಲುಗಳ ನಡುವೆ
ಒಂದು ಕಿಂಡಿ.
"ಇದರಲ್ಲೇ ಸೀಟಿ ಹಾಕ್ತಿದ್ದೆ.
ಪಿ.ಟಿ. ಮೇಷ್ಟ್ರ ಸೀಟಿ ಅಂತ ಅರ್ಧ ಮೈದಾನ ನಿಲ್ಲುತ್ತಿತ್ತು."

ಬುರ್ರಿನಲ್ಲಿ ಹಿತ್ತಾಳೆಯ ಪುಡಿ ಇನ್ನೂ ಇತ್ತು, ಒರೆಸಿದೆ.
ನಡುಗೆರೆಯ ಎರಡೂ ಕಡೆ ಕೂದಲೆಳೆಯಷ್ಟು ತೇಯ್ದೆ.
ಹಾಕಿಕೊಂಡು ಊದಿದರು. ಬರೀ ಗಾಳಿ.
"ಇನ್ನೊಂದು ಚೂರು," ಎಂದರು,
ಎಂಜಿನ್ನನ್ನು ಅಂಗೈಯಲ್ಲಿ ಹಿಡಿದು
ಬಲಮಗ್ಗುಲನ್ನೇ ನೋಡುತ್ತ.

ಇನ್ನೊಂದು ಚೂರು ತೇಯ್ದೆ.
ಎರಡನೆಯ ಸಲ ಊದಿದಾಗ
ಕೆಳಗೆ, ಬೇಕರಿಯ ಮೆಟ್ಟಿಲಲ್ಲಿ ಮಲಗಿದ್ದ ನಾಯಿ
ಎದ್ದು ನಿಂತಿತು.