ನೀರು ಕೇಳದ ಉಪ್ಪು

ಕೋಳಿಮೇವಿಗೆ ಬೆರೆಸುವ ಉಪ್ಪು ಒಂದು ಪಾಲು,
ಗದ್ದೆಗೆ ಚೆಲ್ಲುವ ಯೂರಿಯಾ ಎರಡು.
ಬೆಚ್ಚಗಿಟ್ಟು ಕಲಕಿದಳು ವುಂಪಿನಿ.
ತೊಟ್ಟು ನೀರಿಲ್ಲ, ಆದರೂ ಬಿಳಿ ಪುಡಿಗಳೆರಡೂ
ಒಂದನ್ನೊಂದು ಮುಟ್ಟಿ, ಸೋತು,
ಎಣ್ಣೆಯಂತೆ ಹರಿದವು.

ಅಣ್ಣ ಅಜಿಂದೂ ಬಾಗಿಲಲ್ಲೇ ನಿಂತಿದ್ದ.
ಆಕ್ರಾದ ಗುಜರಿಯಲ್ಲಿ ತಂತಿ ಸುಟ್ಟ ಹನ್ನೊಂದು ವರ್ಷ
ಅವನ ಕೆಮ್ಮಿನಲ್ಲಿ ಇನ್ನೂ ಆರಿಲ್ಲ.
"ಬೆಂಕಿಯಿಲ್ಲದೆ ತಾಮ್ರ ಮೈಬಿಡುತ್ತದೇನೇ?"

ಹಳೆ ಫೋನಿನ ಹಸಿರು ಹಲಗೆ ಒಂದು ತುದಿಗೆ,
ಬೋಳು ಉಕ್ಕಿನ ಪಟ್ಟಿ ಇನ್ನೊಂದಕ್ಕೆ.
ಕರೆಂಟು ಇರುವೆಯಷ್ಟು.
ದ್ರವ ಮಂದ; ಅವಸರ ಅದಕ್ಕೆ ಗೊತ್ತಿಲ್ಲ.
ಮಧ್ಯಾಹ್ನವಿಡೀ ಇಬ್ಬರೂ ಕಾದರು.

ಸಂಜೆಗೆ ಉಕ್ಕಿನ ಮೇಲೆ
ಇಷ್ಟೇ ಇಷ್ಟು ಕೆಂಪು.
ಉಗುರಿನಿಂದ ಕೆರೆದ, ಮೂಸಿದ,
ಹೊಗೆಯ ವಾಸನೆಗೆ ಹುಡುಕಿದ. ಸಿಗಲಿಲ್ಲ.

ಉಪ್ಪು ಕೊನೆಗೂ ನೀರು ಕೇಳಲಿಲ್ಲ.
ಹೊಗೆ ತಿಂದವನು ಕೇಳಿದ,
ಒಂದು ಲೋಟ.